ಖಾಲಿಯಾಗದ ಕಾಲು ಟ್ಯಾಂಕು

ವಿಮಾನದಲ್ಲಿ ದೋಷವಿರುವುದಿಲ್ಲ, ಹಾರಿಸುವವನಲ್ಲಿ ಇರುತ್ತದೆ ಎಂಬುದು ಸಂಸ್ಥೆಯ ಅಧಿಕೃತ ನಿಲುವಾಗಿತ್ತು. ಈ ನಿಲುವಿಗೆ ಚೌಕಟ್ಟು ಹಾಕಿಸಿ ಗೋಡೆಗೆ ನೇತುಹಾಕಲಾಗಿತ್ತು. ಅದರ ಕೆಳಗೇ 'ದೋಷ ಪರಿಹಾರ ವಿಭಾಗ' ಎಂಬ ಬೋರ್ಡು. ಎರಡೂ ಒಂದೇ ಗೋಡೆಯ ಮೇಲೆ ಜಗಳವಿಲ್ಲದೆ ಬಾಳುತ್ತಿದ್ದವು.

ಬೋರ್ಡಿನ ಕೆಳಗೆ ಒಂದು ಮೇಜು, ಮೇಜಿನ ಮೇಲೆ ಒಂದು ಕಂಪ್ಯೂಟರ್, ಒಂದು ಫೋನು, ಹಿಂದೆ ಒಬ್ಬ ಹೆಂಗಸು. ವಿಭಾಗ ಎಂದರೆ ಅಷ್ಟೇ. ಈಕೆ ಕೆಲಸಕ್ಕೆ ಸೇರಿದ ಹೊಸದರಲ್ಲಿ ಮುದುಕಿಯೊಬ್ಬಳು ಬೋರ್ಡು ಓದಿಕೊಂಡು ಒಳಗೆ ಬಂದು, ಎದುರಿನ ಕುರ್ಚಿಯಲ್ಲಿ ಕೂತು, ಅಂಗೈ ಚಾಚಿ, "ಮಗಳಿಗೆ ಗಂಡು ಕೂಡಿ ಬರ್ತಿಲ್ಲ, ಏನು ದೋಷ ಅಂತ ನೋಡಮ್ಮ" ಎಂದಿದ್ದಳು. ಈಕೆ ಬಾಯಿಪಾಠದ ಅಭ್ಯಾಸದಲ್ಲಿ, "ಒಂದ್ಸಲ ಆಫ್ ಮಾಡಿ ಆನ್ ಮಾಡಿ ನೋಡಿದ್ರಾ?" ಎಂದುಬಿಟ್ಟಳು. ಮುದುಕಿ ಗಂಭೀರವಾಗಿ ತಲೆಯಾಡಿಸಿ ಎದ್ದು ಹೋದಳು. ಅಂದಿನಿಂದ ಆಫೀಸಿನಲ್ಲಿ ಈಕೆಗೆ ಪರಿಹಾರಮ್ಮ ಎಂಬ ಹೆಸರು ಅಂಟಿಕೊಂಡಿತು.

ಸಂಸ್ಥೆ ತಯಾರಿಸುತ್ತಿದ್ದದ್ದು ಕಂಪ್ಯೂಟರಿನೊಳಗೆ ಹಾರುವ ವಿಮಾನ. ಮನೆಯಲ್ಲೇ ಕೂತು ಪರದೆಯ ಮೇಲೆ ವಿಮಾನ ಓಡಿಸುವ ಸಿಮ್ಯುಲೇಟರ್ ಇದೆಯಲ್ಲ, ಅದಕ್ಕೆ. ಅದನ್ನು ಆಟ ಎಂದರೆ ಆಡುವವರಿಗೆ ಸಿಟ್ಟು ಬರುತ್ತದೆ. ಅದಕ್ಕೆ ಬೇಕಾದ ವಿಮಾನವನ್ನು ಬೇರೆಯಾಗಿ ಕೊಂಡು ಸೇರಿಸಿಕೊಳ್ಳಬಹುದು. ಹಾಗೆ ಸೇರಿಸಿಕೊಳ್ಳುವ ಸರಕಿಗೆ ಆಡ್-ಆನ್ ಎನ್ನುತ್ತಾರೆ. ಸಂಸ್ಥೆ ಮಾರುತ್ತಿದ್ದದ್ದು ಒಂದೇ ಒಂದು ಆಡ್-ಆನ್: ಧಣಿಗಳ ಸ್ವಂತ ಬಿಸಿನೆಸ್ ಜೆಟ್ಟಿನ ನಕಲು.

ಧಣಿ ಎಂದರೆ ಸಂಸ್ಥೆಯ ಮಾಲೀಕರು. ಅವರ ಬಳಿ ನಿಜವಾದ ಜೆಟ್ಟಿತ್ತು. ಅದರೊಳಗಿನ ಚರ್ಮದ ಸೋಫಾ, ಮಿರಮಿರ ಮಿಂಚುವ ಮರದ ಮೇಜು, ಚಿನ್ನದ ಬಣ್ಣದ ನಲ್ಲಿ ಇವನ್ನೆಲ್ಲ ಜನ ನೋಡದೇ ಸಾಯುತ್ತಿದ್ದಾರಲ್ಲ ಎಂಬ ಕೊರಗು ಅವರನ್ನು ಬಹುಕಾಲ ಕಾಡಿತ್ತು. ಜನರನ್ನು ಹತ್ತಿಸಿಕೊಂಡರೆ ಸೋಫಾ ಕೊಳೆಯಾಗುತ್ತದೆ. ಹತ್ತಿಸಿಕೊಳ್ಳದಿದ್ದರೆ ಹೊಟ್ಟೆಕಿಚ್ಚು ಪಡುವವರೇ ಇಲ್ಲ. ಈ ಸಾಮಾಜಿಕ ಸಮಸ್ಯೆಗೆ ಉತ್ತರವಾಗಿ ಆಡ್-ಆನ್ ಹುಟ್ಟಿತು. ಈಗ ಯಾರು ಬೇಕಾದರೂ ದುಡ್ಡು ಕೊಟ್ಟು, ತಮ್ಮ ತಮ್ಮ ಮನೆಯಲ್ಲೇ ಕೂತು, ಧಣಿಗಳ ವಿಮಾನ ನೋಡಿ ಹೊಟ್ಟೆ ಉರಿಸಿಕೊಳ್ಳಬಹುದು.

ನಿಜವಾದ ಜೆಟ್ಟನ್ನು ಓಡಿಸುತ್ತಿದ್ದ ಪೈಲಟ್ ಪರಿಹಾರಮ್ಮನ ಗಂಡ. ಗಂಡನದು ಅಸಲು, ಹೆಂಡತಿಯದು ನಕಲು. ಮನೆ ಇವೆರಡರ ಮೇಲೆ ನಡೆಯುತ್ತಿತ್ತು.

ನಕಲಿಗೆ ತೊಂದರೆಗಳು ಹಲವಿದ್ದವು. ಪೈಲಟ್ ಸೀಟಿನ ಪಕ್ಕ ಕಾಫಿ ಕಪ್ ಇಡುವ ಗುಳಿಯನ್ನು ಮೌಸಿನಿಂದ ಮುಟ್ಟಿದರೆ ಗಾಲಿಗಳು ಹೊಟ್ಟೆಯೊಳಗೆ ಸೇರಿಕೊಳ್ಳುತ್ತಿದ್ದವು, ವಿಮಾನ ನೆಲದ ಮೇಲಿದ್ದರೂ ಸರಿ. ಆಟೋಪೈಲಟ್ಟಿಗೆ ಬಲಕ್ಕೆ ತಿರುಗು ಎಂದರೆ ಎಡಕ್ಕೆ ಮುಕ್ಕಾಲು ಸುತ್ತು ಹೊಡೆದು ಬಲಕ್ಕೆ ಬರುತ್ತಿತ್ತು. ಎಲ್ಲಕ್ಕಿಂತ ವಿಚಿತ್ರವೆಂದರೆ, ಪ್ರಪಂಚದ ಯಾವ ಊರಿನಲ್ಲಿ ಇಳಿದರೂ ಅಲ್ಲಿ ಧಣಿಗಳು ಜೆಟ್ಟು ನಿಲ್ಲಿಸುತ್ತಿದ್ದ ಶೆಡ್ಡೇ ಇರುತ್ತಿತ್ತು. ಅದೇ ತುಕ್ಕು ಹಿಡಿದ ಬಾಗಿಲು, ಬಾಗಿಲ ಮುಂದೆ ಕೆಂಪು ಬಾವುಟ ಹಿಡಿದ ಅದೇ ಕಾವಲುಗಾರ. ಪ್ರೋಗ್ರಾಮ್ ಬರೆದ ಗಡ್ಡದವನು ಶೆಡ್ಡಿನ ಚಿತ್ರವನ್ನು ವಿಮಾನಕ್ಕೇ ಅಂಟಿಸಿಬಿಟ್ಟಿದ್ದ; ಇಳಿದಲ್ಲೆಲ್ಲ ಅದು ಎದ್ದು ನಿಲ್ಲುತ್ತಿತ್ತು. ಹಿಮ ಸುರಿಯುವ ನಾಡಿನಲ್ಲೂ ಕಾವಲುಗಾರ ಅರ್ಧ ತೋಳಿನ ಅಂಗಿಯಲ್ಲೇ ಬಾವುಟ ಬೀಸುತ್ತಿದ್ದ.

"ನನ್ನ ಮುಖ ಪ್ರಪಂಚದ ತುಂಬಾ ಇದೆಯಂತಲ್ಲ ಅಕ್ಕಾ," ಎಂದು ನಿಜವಾದ ಕಾವಲುಗಾರ ಒಮ್ಮೆ ಪರಿಹಾರಮ್ಮನನ್ನು ಕೇಳಿದ್ದ. "ಸಂಬಳ ಮಾತ್ರ ಯಾಕೆ ಒಂದೇ ಕಡೆಯಿಂದ ಬರುತ್ತೆ?"

ಮೊದಮೊದಲು ಪರಿಹಾರಮ್ಮ ದೂರುಗಳನ್ನು ಗಡ್ಡದವನಿಗೆ ಮುಟ್ಟಿಸುತ್ತಿದ್ದಳು. ಆಮೇಲೆ ಗಡ್ಡದವನು ಕೆಲಸ ಬಿಟ್ಟ. ಅವನ ಜಾಗಕ್ಕೆ ಯಾರನ್ನೂ ತರಲಿಲ್ಲ. ಅವನ ಕುರ್ಚಿಯನ್ನು ಮಾತ್ರ ಮ್ಯಾನೇಜರ್ ಕಾಲು ಚಾಚಿಕೊಳ್ಳಲು ತಮ್ಮ ಕೋಣೆಗೆ ತರಿಸಿಕೊಂಡರು. ರಿಪೇರಿ ಮಾಡುವವನಿಲ್ಲದೆ ಬರೀ ದೂರುಗಳೇ ಬರುತ್ತಿದ್ದರೆ ಅದು ಆಡಳಿತದ ಅಸಮತೋಲನ. ಅದನ್ನು ನಿವಾರಿಸಲು ಸುತ್ತೋಲೆಯೊಂದು ಹೊರಟಿತು:

"ಇನ್ನು ಮುಂದೆ ನಮ್ಮ ವಿಮಾನದ ಸಂಬಂಧವಾಗಿ 'ದೋಷ' ಎಂಬ ಪದವನ್ನು ಬಳಸತಕ್ಕದ್ದಲ್ಲ. ಬದಲಿಗೆ 'ಲಕ್ಷಣ' ಎಂದು ಬಳಸತಕ್ಕದ್ದು. ಗ್ರಾಹಕರು ಯಾವುದೇ ದೋಷವನ್ನು ತಿಳಿಸಿದಲ್ಲಿ, ಸದರಿಯವರು ವಿಮಾನದ ಲಕ್ಷಣವನ್ನು ಮೆಚ್ಚಿರುವರೆಂದು ಪರಿಗಣಿಸಿ ಧನ್ಯವಾದ ಅರ್ಪಿಸತಕ್ಕದ್ದು."

"ಸರ್, ಕಾಯಿಲೆಗೂ ಲಕ್ಷಣ ಅಂತಾರಲ್ಲ," ಎಂದಳು ಪರಿಹಾರಮ್ಮ. "ಜ್ವರದ ಲಕ್ಷಣ, ಕಾಮಾಲೆ ಲಕ್ಷಣ..."

"ಹುಡುಗಿ ಲಕ್ಷಣವಾಗಿದ್ದಾಳೆ ಅಂತಾನೂ ಅಂತಾರಮ್ಮ," ಎಂದರು ಮ್ಯಾನೇಜರ್. "ಯಾವಾಗಲೂ ಒಳ್ಳೇದನ್ನೇ ಯೋಚನೆ ಮಾಡು."

ಗೋಡೆಯ ಬೋರ್ಡು 'ಲಕ್ಷಣ ವಿಭಾಗ' ಎಂದಾಯಿತು. ಲಕ್ಷಣಕ್ಕೆ ಪರಿಹಾರ ಯಾಕೆ ಎಂದು ಪರಿಹಾರವನ್ನೂ ಅಳಿಸಲಾಯಿತು. ಅದು ಈಕೆಯ ಹೆಸರಿನಲ್ಲಿ ಮಾತ್ರ ಉಳಿಯಿತು.

ಇಂಥ ನೆಮ್ಮದಿಯ ದಿನಗಳಲ್ಲಿ ಹಲ್ಲಿನ ಡಾಕ್ಟರೊಬ್ಬರ ಫೋನು ಬಂತು. ಆಡ್-ಆನ್ ಕೊಂಡ ಮೊದಲಿಗರಲ್ಲಿ ಅವರೂ ಒಬ್ಬರು.

"ಮೇಡಂ, ನಾನು ಇಳಿಯೋದು ಹೇಗೆ?"

"ಈಗ ಎಲ್ಲಿದ್ದೀರಿ ಸರ್?"

"ಕ್ಲಿನಿಕ್ಕಲ್ಲಿ. ಅಂದ್ರೆ, ಸಮುದ್ರದ ಮೇಲೆ. ಶನಿವಾರದಿಂದ ಹಾರ್ತಾನೇ ಇದ್ದೀನಿ. ಇಂಧನ ಮುಗಿಯೋ ಹೊತ್ತಿಗೆ ಇಳಿಯೋಣ ಅಂತಿದ್ದೆ. ಮುಳ್ಳು ಕಾಲು ಟ್ಯಾಂಕಿಗೆ ಬಂತು, ಅಲ್ಲೇ ನಿಂತ್ಕೊಂಡ್ಬಿಡ್ತು. ಇವತ್ತು ಮಂಗಳವಾರ. ಇನ್ನೂ ಕಾಲೇ ಇದೆ."

ಹಿಂದಿನಿಂದ ಯಾರೋ ನರಳುವ ಸದ್ದು ಕೇಳಿಸಿತು.

"ಯಾರು ಸರ್ ಅದು?"

"ಪೇಷೆಂಟು. ಬಾಯಿ ತೆಗೆದುಕೊಂಡು ಕೂತಿದ್ದಾರೆ. ಹಾಗಂತ ಅರ್ಧ ದಾರೀಲಿ ವಿಮಾನ ಬಿಟ್ಟು ಬರೋಕಾಗುತ್ತಾ?"

"ಧನ್ಯವಾದ ಸರ್. ಅದು ನಮ್ಮ ವಿಮಾನದ ಲಕ್ಷಣ."

ಪರಿಹಾರಮ್ಮ ಫೋನು ಇಟ್ಟಳು. ಈ ಕಾಲು ಎಲ್ಲಿಂದ ಬಂತೆಂದು ಆಕೆಗೆ ಗೊತ್ತಿತ್ತು. ನಕಲನ್ನು ಮೊದಲ ಸಲ ಧಣಿಗಳಿಗೂ ಅವರ ಅತಿಥಿಗಳಿಗೂ ತೋರಿಸಿದ ದಿನ ಆಕೆ ಅಲ್ಲೇ ಇದ್ದಳು. ಪರದೆಯ ಮೇಲೆ ವಿಮಾನವನ್ನು ಹಾರಲು ಬಿಟ್ಟು ಎಲ್ಲರೂ ಊಟಕ್ಕೆ ಹೋದರು. ಧಣಿಗಳ ಊಟ ಉದ್ದದ್ದು. ಕೈ ತೊಳೆದು ಬರುವಷ್ಟರಲ್ಲಿ ಇಂಧನ ಮುಗಿದು ವಿಮಾನ ಯಾರದೋ ಹೊಲದಲ್ಲಿ ಮೂಗು ನೆಟ್ಟು ನಿಂತಿತ್ತು. "ನನ್ನ ವಿಮಾನ ಬೀಳುತ್ತೇನಯ್ಯಾ?" ಎಂದು ಧಣಿಗಳು ಅತಿಥಿಗಳ ಎದುರಿಗೇ ಗಡ್ಡದವನ ಬೆವರಿಳಿಸಿದರು. ಆ ಸಂಜೆಯೇ ಅವನು, ಇಂಧನ ಕಾಲು ಭಾಗಕ್ಕೆ ಬಂದರೆ ಮುಂದೆ ಇಳಿಯದಂತೆ ಒಂದು ತಡೆ ಹಾಕಿದ. ಅದಕ್ಕೆ 'ಊಟದ ತಡೆ' ಎಂದು ಹೆಸರಿಟ್ಟು ನಕ್ಕ. ಆಮೇಲೆ ತೆಗೆಯುವುದನ್ನು ಮರೆತ.

ಪರಿಹಾರಮ್ಮ ಪ್ರೋಗ್ರಾಮಿನಿಂದ ತಾನೇ ಆ ತಡೆಯನ್ನು ತೆಗೆದು ನೋಡಿದಳು. ರನ್‌ವೇ ಮೇಲೆ ನಿಂತಿದ್ದ ವಿಮಾನ ನಿಧಾನವಾಗಿ ಮಗುಚಿಕೊಂಡು ಬೆನ್ನ ಮೇಲೆ ಮಲಗಿ, ಗಾಲಿಗಳನ್ನು ಆಕಾಶಕ್ಕೆತ್ತಿತು. ಇಂಧನ ಎಂದೂ ಕಾಲಿಗಿಂತ ಕೆಳಗಿಳಿಯುವುದಿಲ್ಲ ಎಂಬ ಧೈರ್ಯದ ಮೇಲೆ ಗಡ್ಡದವನು ವಿಮಾನದ ತೂಕದ ಲೆಕ್ಕವನ್ನೆಲ್ಲ ಆ ಕಾಲಿಗೇ ಕಟ್ಟಿದ್ದ. ತಡೆಯನ್ನು ಮತ್ತೆ ಹಾಕಿದಳು. ವಿಮಾನ ಎದ್ದು ನಿಂತಿತು. ತೆಗೆದಳು; ಮಲಗಿತು.

ಮ್ಯಾನೇಜರ್ ಇದನ್ನು ನೋಡಿ, "ಕಾಲು ತೆಗೆದ್ರೆ ಯಾವುದಮ್ಮ ನಿಲ್ಲುತ್ತೆ?" ಎಂದರು. ತಾಂತ್ರಿಕ ಚರ್ಚೆ ಅಲ್ಲಿಗೆ ಮುಗಿಯಿತು.

ಮರುದಿನ ಪ್ರಕಟಣೆ ಹೊರಟಿತು: "ಸಂತಸದ ಸುದ್ದಿ! ನಮ್ಮ ವಿಮಾನದಲ್ಲೀಗ 'ಅಕ್ಷಯ ಕಾಲು'. ಎಷ್ಟು ಹಾರಿದರೂ ಕಾಲು ಟ್ಯಾಂಕು ಇಂಧನ ಸದಾ ನಿಮ್ಮೊಂದಿಗೆ." ಜನ ಮುಗಿಬಿದ್ದು ಕೊಂಡರು. ಕೆಲಸದವರ ಸಂಬಳಕ್ಕೂ ಇಂಥದೊಂದು ತಡೆ ಹಾಕಿಸಿದರೆ ತಿಂಗಳ ಕೊನೆಯಲ್ಲಿ ಕಾಲು ಭಾಗವಾದರೂ ಉಳಿದೀತಲ್ಲ ಎಂದು ಕಾವಲುಗಾರ ಅರಿಕೆ ಮಾಡಿಕೊಂಡ. ಅದು ತಾಂತ್ರಿಕವಾಗಿ ಸಾಧ್ಯವಿಲ್ಲವೆಂದು ಅವನಿಗೆ ತಿಳಿಸಲಾಯಿತು.

ಆದರೆ ಎಲ್ಲ ಕಡೆಯೂ ಕೊಂಕು ತೆಗೆಯುವವರು ಇರುತ್ತಾರೆ. ನಿಜವಾದ ಜೆಟ್ಟು ಓಡಿಸುವ ಕೆಲವು ಪೈಲಟ್ಟುಗಳು ಆಡ್-ಆನ್ ಕೊಂಡು, ಅಸಲಿನಲ್ಲಿ ಹೀಗಿಲ್ಲವಲ್ಲ ಎಂದು ಬರೆದರು. ಮ್ಯಾನೇಜರ್ ವಿಷಯವನ್ನು ಆಳವಾಗಿ ಪರಿಶೀಲಿಸಿ ಧಣಿಗಳಿಗೆ ವರದಿ ಒಪ್ಪಿಸಿದರು. ಅಸಲಿಗೂ ನಕಲಿಗೂ ವ್ಯತ್ಯಾಸವಿರುವುದು ನಿಜ. ನಕಲಿನಲ್ಲಿ ದೋಷವಿಲ್ಲವೆಂದು ಸುತ್ತೋಲೆಯಲ್ಲಿ ಈಗಾಗಲೇ ತೀರ್ಮಾನವಾಗಿದೆ. ಆದ್ದರಿಂದ ತಪ್ಪು ಅಸಲಿನಲ್ಲಿದೆ.

ಧಣಿಗಳು ಪೈಲಟ್ಟನನ್ನು ಕರೆಸಿದರು. ಲಕ್ಷಣ ವಿಭಾಗದ ಪರವಾಗಿ ಪರಿಹಾರಮ್ಮನೂ ಹಾಜರಿರಬೇಕಾಯಿತು. ಉದ್ದನೆಯ ಮೇಜಿನ ಒಂದು ತುದಿಗೆ ಗಂಡ, ಇನ್ನೊಂದು ತುದಿಗೆ ಹೆಂಡತಿ, ನಡುವೆ ಒಂದು ತಟ್ಟೆ ಬಿಸ್ಕತ್ತು. ಅದನ್ನು ಧಣಿಗಳ ಹೊರತು ಯಾರೂ ಮುಟ್ಟುವಂತಿರಲಿಲ್ಲ.

"ಕಂಪ್ಯೂಟರಲ್ಲಿ ಕಾಲು ಟ್ಯಾಂಕು ಖಾಲಿಯಾಗಲ್ಲ," ಎಂದರು ಧಣಿಗಳು. "ನನ್ನ ವಿಮಾನದಲ್ಲಿ ಮಾತ್ರ ಆಗುತ್ತೆ. ಯಾಕೆ?"

"ಅಲ್ಲಿರೋದು ಇಂಧನ ಅಲ್ಲ ಧಣಿ, ಬರೀ ಅಂಕಿ," ಎಂದ ಪೈಲಟ್.

"ಅಂಕಿ ಸುಳ್ಳು ಹೇಳುತ್ತಾ?"

"ಹೇಳಲ್ಲ. ಆದ್ರೆ ಉರಿಯೋದೂ ಇಲ್ಲ."

"ಎದುರು ಮಾತಾಡಬೇಡ. ಇಷ್ಟು ವರ್ಷ ಆ ಕಾಲು ಟ್ಯಾಂಕು ಎಲ್ಲಿಗೆ ಹೋಗ್ತಿತ್ತು, ಅದನ್ನು ಹೇಳು."

"ಉರಿದು ಹೋಗ್ತಿತ್ತು ಧಣಿ."

ಮ್ಯಾನೇಜರ್ ಮೆಲ್ಲಗೆ ಕೆಮ್ಮಿದರು. "ನಿನ್ನ ಹತ್ರ ಸ್ಕೂಟರ್ ಇದೆಯಲ್ಲಪ್ಪಾ?"

"ಇದೆ."

"ಅದು ಯಾವುದರಿಂದ ಓಡುತ್ತೆ?"

"ಪೆಟ್ರೋಲಿಂದ."

ಮ್ಯಾನೇಜರ್ ಧಣಿಗಳ ಕಡೆ ತಿರುಗಿ, ಇನ್ನು ಹೇಳುವುದೇನೂ ಉಳಿದಿಲ್ಲವೆಂಬಂತೆ ಕೈ ಚೆಲ್ಲಿದರು. ಜೆಟ್ಟಿನ ಇಂಧನ ಸುರಿದರೆ ಸ್ಕೂಟರು ಕೆಮ್ಮಿ ಸಾಯುತ್ತದೆ ಎಂದು ಪೈಲಟ್ ಹೇಳಿದ್ದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ.

ಧಣಿಗಳು ನ್ಯಾಯವಂತರು. ತಪ್ಪು ಮಾಡಿದವನಿಗೂ ಒಂದು ಅವಕಾಶ ಕೊಡುವವರು. ಮುಂದಿನ ವಾರ ಸಮುದ್ರದಾಚೆಯ ಒಬ್ಬ ವ್ಯಾಪಾರಿಯನ್ನು ಕಾಣಲು ಅವರು ಹೊರಡಬೇಕಿತ್ತು. "ಟ್ಯಾಂಕಿಗೆ ಕಾಲು ಭಾಗ ಮಾತ್ರ ಹಾಕಿಸ್ತೀನಿ," ಎಂದರು. "ಕಾಲಲ್ಲೇ ಹೋಗಿ ಕಾಲಲ್ಲೇ ವಾಪಸ್ ಬಂದ್ರೆ ನೀನು ಪ್ರಾಮಾಣಿಕ. ಬರದಿದ್ರೆ ಕಳ್ಳ. ಹಾರಿಸಲ್ಲ ಅಂದ್ರೆ ಅವತ್ತೇ ಪೊಲೀಸಿಗೆ ಹೇಳ್ತೀನಿ."

"ಬರದಿದ್ರೆ ನಾನೇ ಇರಲ್ಲ ಧಣಿ. ನೀವೂ ಇರಲ್ಲ."

"ನೆಪ ಹೇಳಬೇಡ."

ಪರಿಹಾರಮ್ಮ ಎದ್ದು ನಿಂತಳು. ಕುರ್ಚಿ ಹಿಂದಕ್ಕೆ ಬಿತ್ತು. "ಧಣಿ, ಅದು ದೋಷ! ನಮ್ಮ ನಕಲಿನ ದೋಷ. ನಿಮ್ಮ ಊಟ ಉದ್ದ ಆಯ್ತು ಅಂತ ಗಡ್ಡದವನು ಹಾಕಿದ ತಡೆ ಅದು. ಶುದ್ಧ ದೋಷ!"

ಆ ಕೋಣೆ ಆ ಪದವನ್ನು ಕೇಳಿ ಬಹಳ ಕಾಲವಾಗಿತ್ತು. ಮ್ಯಾನೇಜರ್ ಪೆನ್ನು ತೆಗೆದು ಸಭೆಯ ನಡಾವಳಿಯಲ್ಲಿ ಬರೆದುಕೊಂಡರು: "ವಿಮಾನವು ಶುದ್ಧ ಲಕ್ಷಣವಾಗಿದೆ ಎಂದು ಲಕ್ಷಣ ವಿಭಾಗದವರು ಭಾವುಕರಾಗಿ ನುಡಿದರು."

ಆ ಸಂಜೆ ಮನೆಯಲ್ಲಿ ಗಂಡ ಅಡುಗೆಮನೆಯ ಕಟ್ಟೆಗೆ ಒರಗಿ ಈರುಳ್ಳಿ ಹೆಚ್ಚುತ್ತಿದ್ದ. ಹೆಚ್ಚಿದ್ದನ್ನೇ ಮತ್ತೆ ಹೆಚ್ಚುತ್ತಿದ್ದ.

"ಹಾರಿಸಿದ್ರೆ ಹೆಣ, ಹಾರಿಸದಿದ್ರೆ ಕಳ್ಳ," ಎಂದ. "ಯಾವುದು ಬೇಕೇ ನಿನಗೆ?"

"ನನಗೆ ಕಳ್ಳನೇ ಸಾಕು ರೀ. ಜೈಲಿಗೆ ಊಟ ತಂದು ಕೊಡ್ತೀನಿ."

"ನಿಮ್ಮಪ್ಪ ಏನಂತಾರೆ?"

"ನಮ್ಮಪ್ಪ ಮದುವೆ ದಿನವೇ ಅಂದಿದ್ರು, ಈ ಹುಡುಗನ ಕಣ್ಣು ಸರಿಯಿಲ್ಲ ಅಂತ."

ಅವನು ನಕ್ಕ. ನಗುತ್ತ ನಗುತ್ತ ಕಣ್ಣು ಒರೆಸಿಕೊಂಡ. ಈರುಳ್ಳಿಯದೋ ಏನೋ. ಪರಿಹಾರಮ್ಮ ಅವನ ಕೈಯಿಂದ ಚಾಕು ತೆಗೆದಿಟ್ಟಳು. ನಿಜ ಹೇಳಿ ಆಗಿತ್ತು. ನಿಜಕ್ಕೆ ಆ ಕಟ್ಟಡದಲ್ಲಿ ಪದವೇ ಇರಲಿಲ್ಲ. ಇದ್ದದ್ದು ಒಂದೇ ಪದ. ಆಕೆ ಆ ಪದವನ್ನು ಹಿಡಿದು ಬಹಳ ಹೊತ್ತು ಯೋಚಿಸಿದಳು.

"ರೀ, ಒಂದು ಲಕ್ಷಣ ಒಪ್ಪಿಕೊಂಡ ಮೇಲೆ ಉಳಿದ ಲಕ್ಷಣ ಎಲ್ಲಾ ಒಪ್ಪಬೇಕಲ್ವಾ?"

"ಒಪ್ಪಬೇಕು. ಅದಕ್ಕೇನೀಗ?"

"ನಮ್ಮ ನಕಲು ಯಾವ ಊರಲ್ಲಿ ಇಳಿದ್ರೂ ಎದುರಿಗೆ ಏನು ಕಾಣುತ್ತೆ?"

"ಧಣಿ ಶೆಡ್ಡು. ಕೆಂಪು ಬಾವುಟದ ಕಾವಲುಗಾರ."

"ಮತ್ತೆ? ಹೋಗಿ ಸೇರೋ ಜಾಗ ಶೆಡ್ಡೇ ಆದ್ರೆ, ಶೆಡ್ಡು ಬಿಟ್ಟು ಯಾಕ್ರೀ ಹೊರಡ್ತೀರಾ?"

ಗಂಡ ಆಕೆಯನ್ನೇ ನೋಡಿದ. ಆಮೇಲೆ ಅಷ್ಟೂ ಈರುಳ್ಳಿಯನ್ನು ಬಾಣಲೆಗೆ ಸುರಿದ.

ಮರುದಿನ ಪರಿಹಾರಮ್ಮ ಮ್ಯಾನೇಜರ್ ಎದುರು ನಿಂತು, ಅಸಲಿಗೂ ನಕಲಿಗೂ ಇರುವ ವ್ಯತ್ಯಾಸದಿಂದ ಸಂಸ್ಥೆಯ ಹೆಸರು ಕೆಡುತ್ತಿರುವುದರಿಂದ 'ಲಕ್ಷಣಗಳ ಏಕರೂಪ ಜಾರಿ'ಯನ್ನು ಕೈಗೊಳ್ಳಬೇಕು ಎಂದು ವಿನಂತಿಸಿದಳು. ಏಕರೂಪ ಎಂಬ ಪದ ಕೇಳುತ್ತಲೇ ಮ್ಯಾನೇಜರ್ ಚಾಚಿದ್ದ ಕಾಲನ್ನು ಮಡಚಿಕೊಂಡರು. "ಇದನ್ನ ನಾನೇ ಯೋಚನೆ ಮಾಡಿದ್ದೆ," ಎಂದು ಸಹಿ ಹಾಕಿದರು.

ಕೆಲಸ ಚುರುಕಾಗಿ ನಡೆಯಿತು. ಗಾಲಿಗಳು ಒಳಸೇರದಿರಲಿ ಎಂದು ನಿಜವಾದ ಜೆಟ್ಟಿನ ಕಪ್ ಇಡುವ ಗುಳಿಯನ್ನು ಅಂಟು ಹಾಕಿ ಮುಚ್ಚಿದರು. ಕಿಟಕಿಗಳ ಹೊರಗೆ ಪರದೆಗಳನ್ನು ಕೂರಿಸಿ, ಅವುಗಳ ಮೇಲೆ ಮೋಡ ಓಡಿಸಿದರು. ಸೋಫಾದ ಕೆಳಗಿನ ಸ್ಪೀಕರಿನಲ್ಲಿ ಎಂಜಿನ್ ಗುಡುಗುಟ್ಟಿತು. ಹೊರಗೆ ಕಾವಲುಗಾರ ರೆಕ್ಕೆಯ ತುದಿ ಹಿಡಿದು, ಪೈಲಟ್ ಒಳಗಿನಿಂದ ಗಾಜು ತಟ್ಟಿದಾಗಲೆಲ್ಲ ಅಲ್ಲಾಡಿಸುತ್ತಿದ್ದ. ಟ್ಯಾಂಕಿನಲ್ಲಿ ಕಾಲು ಇಂಧನ. ಎಂಜಿನ್ ಚಾಲೂ ಮಾಡಲಿಲ್ಲ.

ಧಣಿಗಳು ಹತ್ತಿದರು, ಉಂಡರು, ನಿದ್ದೆ ಮಾಡಿದರು. ಎದ್ದಾಗ ಪೈಲಟ್ಟನ ದನಿ ಕೇಳಿಸಿತು: "ಧಣಿ, ಸಮುದ್ರ ದಾಟಿ ಇಳಿದಿದ್ದೀವಿ. ಹೊರಗೆ ಹವೆ ತಂಪಾಗಿದೆ." ಮೆಟ್ಟಿಲಿಳಿದರು. ಎದುರಿಗೆ ತುಕ್ಕು ಹಿಡಿದ ಬಾಗಿಲು, ಕೆಂಪು ಬಾವುಟ, ಬೆವರು ಸುರಿಸುತ್ತ ನಿಂತ ಕಾವಲುಗಾರ. ಪರಿಹಾರಮ್ಮ ಕಂಬದ ಮರೆಯಲ್ಲಿ ಸೆರಗನ್ನು ಮುಷ್ಟಿಯಲ್ಲಿ ಹಿಂಡುತ್ತ ನಿಂತಿದ್ದಳು.

"ಇದು ನನ್ನ ಶೆಡ್ಡಲ್ವೇನಯ್ಯಾ?" ಎಂದರು ಧಣಿಗಳು.

ಹಿಂದೆಯೇ ಮೆಟ್ಟಿಲಿಳಿದ ಮ್ಯಾನೇಜರ್ ಬಗ್ಗಿ ನಮಸ್ಕರಿಸಿದರು. "ಪ್ರಪಂಚದ ಎಲ್ಲಿ ಇಳಿದ್ರೂ ತಮ್ಮದೇ ಶೆಡ್ಡು ಧಣಿ. ಅದು ವಿಮಾನದ ಲಕ್ಷಣ."

ಧಣಿಗಳು ಸುತ್ತಲೂ ನೋಡಿದರು. ಬಾಗಿಲನ್ನು ನೋಡಿದರು, ಕಾವಲುಗಾರನನ್ನು ನೋಡಿದರು. ಆಮೇಲೆ ಧಣಿಗಳ ಎದೆ ನಿಧಾನವಾಗಿ ಉಬ್ಬಿತು.

"ಇಷ್ಟು ದೂರದಲ್ಲೂ ನಂದೇ," ಎಂದರು.

ಸಮುದ್ರದಾಚೆಯ ವ್ಯಾಪಾರಿಯ ಜೊತೆ ಅಲ್ಲಿಂದಲೇ ಫೋನಿನಲ್ಲಿ ಮಾತಾಡಿ ಒಪ್ಪಂದ ಮುಗಿಸಿದರು. ಹತ್ತಿರ ಬಂದು ಮಾತಾಡಿದರೆ ದನಿ ಎಷ್ಟು ಸ್ಪಷ್ಟ ನೋಡಿ ಎಂದರು. ಮತ್ತೆ ಹತ್ತಿ, ಮತ್ತೆ ಉಂಡು, ಮತ್ತೆ ಮಲಗಿ, ಊರಿಗೆ ಬಂದು ಇಳಿದರು. ಮುಳ್ಳು ನೋಡಲಾಯಿತು. ಕಾಲು ಅಂದರೆ ಕಾಲು, ಕೂದಲೆಳೆಯಷ್ಟೂ ಕಡಿಮೆಯಾಗಿರಲಿಲ್ಲ.

ಧಣಿಗಳು ಪೈಲಟ್ಟನ ಹೆಗಲ ಮೇಲೆ ಕೈಯಿಟ್ಟರು. "ಅಂದ್ರೆ ಇಷ್ಟು ವರ್ಷ ಕದೀತಿದ್ದೆ. ಈಗ ಸುಧಾರಿಸಿದ್ದೀಯ. ಕ್ಷಮಿಸಿದ್ದೀನಿ ಹೋಗು."

ಪೈಲಟ್ ಕಂಬದ ಕಡೆ ನೋಡಿದ. ಕಂಬದ ಮರೆಯಿಂದ ಹೆಂಡತಿ ಕೈ ಮುಗಿದಳು, ಬಾಯಿ ಬಿಡಬೇಡಿ ಎಂಬಂತೆ.

"ಆಗಲಿ ಧಣಿ," ಎಂದ.

ಆಮೇಲೆ ಎಲ್ಲವೂ ಸುಸೂತ್ರ. ಧಣಿಗಳು ಹಿಂದೆಂದೂ ಹೋಗದ ದೇಶಗಳಿಗೆಲ್ಲ ಹೋಗಿ ಬಂದರು. ಎಲ್ಲ ಕಡೆ ಜನ ಒಂದೇ ಥರ ಎಂಬ ತಿಳಿವಳಿಕೆ ಅವರಿಗೆ ಪ್ರವಾಸದಿಂದ ಬಂತು, ಅದರ ಬಗ್ಗೆ ಭಾಷಣಗಳನ್ನೂ ಮಾಡಿದರು. ಅವರ ಗೆಳೆಯರಾದ ಇತರ ಧಣಿಗಳೂ ತಮ್ಮ ಜೆಟ್ಟುಗಳ ಕಿಟಕಿಗೆ ಪರದೆ ಹಾಕಿಸಿಕೊಂಡರು. ಕಾವಲುಗಾರನನ್ನು ವಿದೇಶ ಸೇವೆಗೆ ನಿಯೋಜಿಸಲಾಯಿತು. ಸಂಬಳದಲ್ಲಿ ಬದಲಾವಣೆಯಿಲ್ಲ, ಏಕೆಂದರೆ ಅವನು ನಿಂತ ಜಾಗ ಬಿಟ್ಟು ಕದಲಿರಲಿಲ್ಲ.

ಪೈಲಟ್ ದಿನಾ ಸಂಜೆ ಹೊತ್ತಿಗೆ ಸರಿಯಾಗಿ ಮನೆ ಸೇರುತ್ತಿದ್ದ.

"ಇವತ್ತು ಎಲ್ಲಿ ಹೋಗಿದ್ರಿ?" ಎಂದು ಪರಿಹಾರಮ್ಮ ಕೇಳುತ್ತಿದ್ದಳು.

"ಎರಡು ಖಂಡ. ಕಾಲು ಜೋಮು ಹಿಡಿದಿದೆ."

ಒಂದು ಮಧ್ಯಾಹ್ನ ಹಲ್ಲಿನ ಡಾಕ್ಟರ ಫೋನು ಬಂತು. ದನಿಯಲ್ಲಿ ಸಿಟ್ಟಿತ್ತು.

"ಮೇಡಂ, ನಿಮ್ಮ ಧಣಿಗಳ ಅಸಲು ವಿಮಾನ ಕದಲೋದೇ ಇಲ್ಲವಂತೆ. ಎಲ್ಲಾ ಕಡೆ ಸುದ್ದಿ. ನನ್ನದು ಮಾತ್ರ ಮುಂದೆ ಮುಂದೆ ಹೋಗ್ತಿದೆ!"

"ಎಷ್ಟು ದಿನದಿಂದ ಸರ್?"

"ಕೊಂಡಾಗಿನಿಂದ."

ಪರಿಹಾರಮ್ಮ ಗೋಡೆಯ ಮೇಲಿನ ಬೋರ್ಡನ್ನೊಮ್ಮೆ ನೋಡಿದಳು. "ಕ್ಷಮಿಸಿ ಸರ್," ಎಂದಳು. "ಅದು ಲಕ್ಷಣ ಅಲ್ಲ. ಅದು ದೋಷ."

ಪಕ್ಕದಲ್ಲೇ ನಿಂತಿದ್ದ ಮ್ಯಾನೇಜರ್ ಹೌದೆಂದು ತಲೆಯಾಡಿಸಿದರು. ಸಂಸ್ಥೆಯ ಚರಿತ್ರೆಯಲ್ಲಿ ಮೊದಲ ಬಾರಿಗೆ ಒಂದು ದೋಷವನ್ನು ನಿಜವಾಗಿ ಸರಿಪಡಿಸಲಾಯಿತು. ಪರಿಹಾರಮ್ಮ ಪ್ರೋಗ್ರಾಮಿನ ಒಂದೇ ಒಂದು ಸಾಲು ಅಳಿಸಿದಳು. ಪ್ರಕಟಣೆ ಹೊರಟಿತು: "ವಿಮಾನವು ಮುಂದಕ್ಕೆ ಚಲಿಸುತ್ತಿದ್ದ ದೋಷವನ್ನು ನಿವಾರಿಸಲಾಗಿದೆ. ಇದುವರೆಗೆ ಉಂಟಾದ ಪ್ರಯಾಣಕ್ಕಾಗಿ ವಿಷಾದಿಸುತ್ತೇವೆ."

ಅದರ ನಂತರ ದೂರು ಬಂದಿಲ್ಲ. ಹಲ್ಲಿನ ಡಾಕ್ಟರು ಮಾತ್ರ ಒಮ್ಮೆ ಮೆಚ್ಚುಗೆ ಹೇಳಲು ಫೋನ್ ಮಾಡಿದ್ದರು. ಈಗ ವಿಮಾನ ಥೇಟ್ ಅಸಲಿನ ಹಾಗೇ ಇದೆ, ಅದನ್ನು ಅದರ ಪಾಡಿಗೆ ಬಿಟ್ಟು ಪೇಷೆಂಟನ್ನು ನೋಡಬಹುದು ಎಂದರು. ಹಿಂದಿನಿಂದ ನರಳುವ ಸದ್ದು ಕೇಳಿಸುತ್ತಿರಲಿಲ್ಲ. ಪೇಷೆಂಟಿಗೂ ಅಭ್ಯಾಸವಾಗಿತ್ತು.